ಜರ್ಮನಿಯಲ್ಲಿ ಕೆಲಸ ಹೋಗುವ ಹಾಗಿದೆ. ನಿರುದ್ಯೋಗ ಭತ್ಯೆ ತೆಗೆದುಕೊಂಡರೆ ವೀಸಾಕ್ಕೆ ತೊಂದರೆಯೇ? ಎಷ್ಟು ಅರ್ಜಿ ಹಾಕಬೇಕು?

ಮ್ಯೂನಿಕ್‌ನಲ್ಲಿ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿಯರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ) ಮೇಲೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ, ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದಾರೆ, ಎಚ್‌ಆರ್‌ನವರು ಸಹಿಗೆ ಒಂದು ಒಪ್ಪಂದ ಕೊಟ್ಟಿದ್ದಾರೆ ಎಂದು ಬರೆದಿದ್ದೀರಿ. ನಾನೂ ಇಲ್ಲಿ ಕೆಲಸ ಕಳೆದುಕೊಂಡು, ಭತ್ಯೆ ಪಡೆದು, ಮತ್ತೆ ಕೆಲಸ ಹಿಡಿದವನು.

ಎಲ್ಲಕ್ಕಿಂತ ಮೊದಲು, ಆ ಕಾಗದಕ್ಕೆ ಸಹಿ ಹಾಕಬೇಡಿ. ಅದರ ಮೇಲೆ ‘ಆಫ್‌ಹೇಬುಂಗ್ಸ್‌ಫೆರ್‌ಟ್ರಾಗ್’ ಎಂದು ಇದ್ದರೆ, ಕೆಲಸ ಮುಗಿಸಲು ನೀವೂ ಒಪ್ಪಿದ್ದೀರಿ ಎಂದು ಲೆಕ್ಕ. ಆಗ 12 ವಾರ ಭತ್ಯೆ ತಡೆಹಿಡಿಯಬಹುದು. ಆ ವಾರಗಳು ಮುಂದಕ್ಕೆ ಹೋಗುವುದಿಲ್ಲ, ಒಟ್ಟು ಅವಧಿಯಲ್ಲೇ ಕನಿಷ್ಠ ಕಾಲು ಭಾಗ ಕಡಿತವಾಗುತ್ತದೆ. ಕೈಗೆ ಬರುವ ಪರಿಹಾರದ ಮೊತ್ತ ದೊಡ್ಡದಾಗಿ ಕಾಣುತ್ತದೆ, ‘ಈ ವಾರವೇ ಹೇಳಿ’ ಎಂದು ಅವಸರ ಮಾಡುತ್ತಾರೆ. ಮಾಡಲಿ ಬಿಡಿ. ವಿನಾಯಿತಿಗಳೂ ಇವೆ, ಆದರೆ ನಿಮ್ಮ ಒಪ್ಪಂದಕ್ಕೆ ಅವು ಸಿಗುತ್ತವೋ ಇಲ್ಲವೋ ಎನ್ನುವುದನ್ನು ಕಾರ್ಮಿಕ ಕಾನೂನಿನ ವಕೀಲರು ಓದಿಯೇ ಹೇಳಬೇಕು. ಒಪ್ಪಂದದ ಬದಲು ನೇರವಾಗಿ ನೋಟಿಸ್ ಕೊಟ್ಟರೆ, ಅದು ಕೈಗೆ ಬಂದ ದಿನದಿಂದ 3 ವಾರದೊಳಗೆ ಕೋರ್ಟಿಗೆ ಹೋಗಬಹುದು.

ಇನ್ನು ವೀಸಾ ವಿಷಯ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಆರೋಗ್ಯ ವಿಮೆ, ಪಿಂಚಣಿ ಸಾಲುಗಳ ಜೊತೆಗೆ ‘ಎ.ವಿ.’ ಎಂದು ಒಂದು ಸಾಲು ಇರುತ್ತದೆ. ಅದೇ ನಿರುದ್ಯೋಗ ವಿಮೆ. 2023ರಿಂದ ಒಟ್ಟು ಶೇ. 2.6, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಪ್ರತಿ ತಿಂಗಳು ಕಟ್ಟಿದ ವಿಮೆಯನ್ನೇ ನೀವು ಕೇಳುತ್ತಿರುವುದು. ಹಾಗಾಗಿ ಈ ಭತ್ಯೆ ತೆಗೆದುಕೊಂಡಿದ್ದು ವಾಸದ ಪರವಾನಗಿಗೆ ಅಡ್ಡಿಯಲ್ಲ. ತೆರಿಗೆ ದುಡ್ಡಿನಿಂದ ಕೊಡುವ ನೆರವು ಬೇರೆ, ಅದನ್ನು ಇದರ ಜೊತೆ ಬೆರೆಸಿಕೊಂಡು ನಮ್ಮವರು ಎಷ್ಟೋ ಜನ ಸುಮ್ನೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗುವುದು ಇದೇ. ಆದರೆ ಕೆಲಸ ಹೋದದ್ದೇ ಬ್ಲೂ ಕಾರ್ಡಿನ ಮೇಲೆ ಪರಿಣಾಮ ಬೀರಬಹುದು, ಅದರ ಅವಧಿ ಮೊಟಕು ಮಾಡುವ ಅಧಿಕಾರ, ವಾಸದ ಪರವಾನಗಿ ನೋಡಿಕೊಳ್ಳುವ ವಿದೇಶಿಯರ ಕಚೇರಿಗೆ ಇದೆ. ಕೆಲಸ ಮುಗಿಯುವುದು ಗೊತ್ತಾದ 2 ವಾರದೊಳಗೆ ಅವರಿಗೆ ನೀವೇ ಬರೆದು ತಿಳಿಸಬೇಕು.

ಮೂರು ವರ್ಷ ವಿಮೆ ಕಟ್ಟಿರುವುದರಿಂದ ನಿಮಗೆ 12 ತಿಂಗಳ ಭತ್ಯೆ ಸಿಗುತ್ತದೆ. ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇ. 60, ಮಗು ಇದ್ದರೆ ಶೇ. 67.

ಇದಕ್ಕೆ ಎರಡು ಸಲ ನೋಂದಣಿ ಮಾಡಿಸಬೇಕು, ಜನ ತಪ್ಪುವುದು ಇಲ್ಲೇ. ಕೆಲಸ ಮುಗಿಯಲು 3 ತಿಂಗಳು ಇರುವಾಗಲೇ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಉದ್ಯೋಗ ಕಚೇರಿಗೆ ತಿಳಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಗೊತ್ತಾದ 3 ದಿನದೊಳಗೆ. ಆನ್‌ಲೈನ್‌ನಲ್ಲೇ ಆಗುತ್ತದೆ. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ. ಎರಡನೆಯದು ‘ಕೆಲಸ ಇಲ್ಲ’ ಎನ್ನುವ ನೋಂದಣಿ. ಅದನ್ನು ಕೆಲಸವಿಲ್ಲದ ಮೊದಲ ದಿನವೇ ಮಾಡಿಸಿ. ಒಂದು ದಿನ ತಡವಾದರೆ ಆ ದಿನದ ಹಣ ಇಲ್ಲ.

ವಾರಕ್ಕೆ ಇಷ್ಟೇ ಅರ್ಜಿ ಎಂದು ಕಾನೂನಿನಲ್ಲಿ ಇಲ್ಲ. ಉದ್ಯೋಗ ಕಚೇರಿಯಲ್ಲಿರುವ ನಿಮ್ಮ ಸಲಹೆಗಾರರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಳ್ಳುತ್ತೀರಿ, ಸಂಖ್ಯೆ ಅದರಲ್ಲಿ ಬರುತ್ತದೆ. ಮಾತಾಡಿ ಇಳಿಸಬಹುದು. ಸುಮ್ನೆ ತಲೆಯಾಡಿಸಿ ದೊಡ್ಡ ಸಂಖ್ಯೆಗೆ ಒಪ್ಪಿಬಿಡಬೇಡಿ, ನಮ್ಮ ಕ್ಷೇತ್ರದಲ್ಲಿ ಒಂದು ಒಳ್ಳೆಯ ಅರ್ಜಿಗೆ ಅರ್ಧ ದಿನ ಬೇಕು ಅಲ್ವಾ? ನಾನು ಒಂದು ಎಕ್ಸೆಲ್ ಶೀಟ್ ಇಟ್ಟಿದ್ದೆ: ತಾರೀಕು, ಕಂಪನಿ, ಹುದ್ದೆ, ಜಾಹೀರಾತು ಎಲ್ಲಿ ನೋಡಿದೆ, ಹೇಗೆ ಕಳಿಸಿದೆ, ಏನು ಉತ್ತರ ಬಂತು. ತಿರಸ್ಕಾರದ ಇಮೇಲ್‌ಗಳನ್ನು ಅಳಿಸಬೇಡಿ, ಪಿಡಿಎಫ್ ಮಾಡಿ ಅದೇ ಫೋಲ್ಡರ್‌ಗೆ ಹಾಕಿ. ಸಲಹೆಗಾರರು ಕೇಳಿದಾಗ ಅದನ್ನೇ ಮುಂದಿಡಬಹುದು. ಪ್ರಯತ್ನದ ಪುರಾವೆ ಇಲ್ಲದಿದ್ದರೆ 2 ವಾರ ಭತ್ಯೆ ನಿಲ್ಲುತ್ತದೆ, ಕರೆದ ದಿನ ಹೋಗದಿದ್ದರೆ 1 ವಾರ. ಉದ್ಯೋಗ ಕಚೇರಿಯವರು ಅಂಚೆಯಲ್ಲಿ ‘ಈ ಕೆಲಸಕ್ಕೆ ಅರ್ಜಿ ಹಾಕಿ’ ಎಂದು ಸೂಚನೆ ಕಳಿಸಿದರೆ ಅರ್ಜಿ ಹಾಕಲೇಬೇಕು. ಹಾಗಂತ ಯಾವ ಸಂಬಳಕ್ಕೂ ಒಪ್ಪಬೇಕಿಲ್ಲ. ಮೊದಲ 3 ತಿಂಗಳಲ್ಲಿ ಹಳೆಯ ಸಂಬಳಕ್ಕಿಂತ ಶೇ. 20ಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಬೇಡ ಎನ್ನಬಹುದು, ನಂತರದ 3 ತಿಂಗಳಲ್ಲಿ ಶೇ. 30.

ಖಾಲಿ ಇದ್ದೇನೆ, ಊರಿಗೆ ಹೋಗಿ ಬರೋಣ ಎಂದು ಅನಿಸುತ್ತದೆ. ಟಿಕೆಟ್ ಮಾಡುವ ಮೊದಲು ಸಲಹೆಗಾರರ ಒಪ್ಪಿಗೆ ತೆಗೆದುಕೊಳ್ಳಿ. ವರ್ಷಕ್ಕೆ 3 ವಾರದವರೆಗೆ ಭತ್ಯೆ ಸಮೇತ ಹೋಗಬಹುದು, ಆದರೆ ಮೊದಲ 3 ತಿಂಗಳಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಹೇಳದೆ ಹೋದರೆ ಆ ದಿನಗಳ ಹಣ ವಾಪಸ್ ಕಟ್ಟಬೇಕಾಗುತ್ತದೆ.

ನಿಮ್ಮ ನೋಟಿಸ್ ಅವಧಿ ಎಷ್ಟು, ಎಚ್‌ಆರ್‌ನವರು ಕೊಟ್ಟ ಒಪ್ಪಂದದಲ್ಲಿ ಕೆಲಸದ ಕೊನೆಯ ದಿನ ಯಾವುದು ಎಂದು ತಿಳಿಸಿ. ಯಾವ ನೋಂದಣಿ ಯಾವ ತಾರೀಕಿನೊಳಗೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.