ಲಕ್ಷ್ಮೀಶ ನಮ್ಮವನು ಅಂತ ಬರೆಯೋಕೆ ಏನು ಕಷ್ಟ?

(ಸಂಪಾದಕರ ಉತ್ತರ)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಸಿಟ್ಟು ಬಂದಾಗಲೂ ನಿಮ್ಮ ಅಕ್ಷರ ಕೆಡುವುದಿಲ್ಲ ಬಿಡಿ, ಒಂದು ಒತ್ತಕ್ಷರವೂ ತಪ್ಪಿಲ್ಲ. ಪತ್ರದ ಜೊತೆಗೆ ನಮ್ಮ ಲೇಖನದ ಪುಟಗಳನ್ನೇ ಹರಿದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಯಾಕೆ?’ ಅಂತ ಬರೆದು ಕಳಿಸಿದ್ದೀರಿ. ಆಫೀಸಿನಲ್ಲಿ ಮೊದಲು ಎಲ್ಲರೂ ನಕ್ಕೆವು. ಆಮೇಲೆ ಒಂದೊಂದೇ ‘ಯಾಕೆ’ ಓದುತ್ತಾ ಹೋದಾಗ ನಗು ಕಮ್ಮಿಯಾಯಿತು.

ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ಲ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಡೂರು ಕಡೆಯ ಈ ನಿವೃತ್ತ ಮೇಷ್ಟ್ರು ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಲಕ್ಷ್ಮೀಶನ ಮೇಲಿನ ಲೇಖನ ಓದಿ ಬೇಜಾರಾಗಿದ್ದಾರೆ. ಜೈಮಿನಿ ಭಾರತದ ಕವಿ ಕಡೂರು ತಾಲ್ಲೂಕಿನ ದೇವನೂರಿನವನು ಅನ್ನುವವರ ವಾದವೂ ಅದರಲ್ಲಿತ್ತು, ಅಲ್ಲ, ಸುರಪುರದ ಹತ್ತಿರದ ದೇವಾಪುರದವನು ಅನ್ನುವವರ ವಾದವೂ ಇತ್ತು. ತೀರ್ಪು ಮಾತ್ರ ಇರಲಿಲ್ಲ. ‘ಹಾಸನದಲ್ಲಿ ಅಚ್ಚಾಗುವ ಪತ್ರಿಕೆಗೆ ಪಕ್ಕದ ಜಿಲ್ಲೆಯ ಕವಿಯನ್ನು ನಮ್ಮವನು ಅನ್ನೋಕೆ ನಾಲಿಗೆ ಬರುವುದಿಲ್ಲವೇ?’ ಅನ್ನುವುದು ಮೇಷ್ಟ್ರ ಮೊದಲ ಪ್ರಶ್ನೆ. ಅದರ ಹಿಂದೆಯೇ, ಈ ಸಂಶೋಧನೆ ಅನ್ನುವುದೆಲ್ಲ ಪಿಎಚ್‌ಡಿಗೆ, ಪ್ರಮೋಷನ್ನಿಗೆ ಮಾಡುವ ಕಸುಬು, ಅದನ್ನು ತಂದು ಜನರ ಪತ್ರಿಕೆಯಲ್ಲಿ ಯಾಕೆ ತುಂಬುತ್ತೀರಿ ಅಂತ ಕೇಳಿದ್ದಾರೆ. ಭಾಷೆ, ಸಾಹಿತ್ಯ, ತತ್ವಶಾಸ್ತ್ರ, ಸಮಾಜ ಎಲ್ಲವನ್ನೂ ಒಂದೇ ಲೇಖನದಲ್ಲಿ ಕಲಸಿ ಚಿತ್ರಾನ್ನ ಮಾಡುತ್ತೀರಿ ಅಂತಲೂ ಬೈದಿದ್ದಾರೆ.

ಲಕ್ಷ್ಮೀಶನಿಂದಲೇ ಶುರು ಮಾಡೋಣ. ಮೇಷ್ಟ್ರೇ, ನನಗೂ ಅವನು ದೇವನೂರಿನವನೇ ಆಗಿರಲಿ ಅಂತ ಆಸೆ ಇದೆ. ಅಲ್ಲಿನ ಲಕ್ಷ್ಮೀಕಾಂತ ದೇವಸ್ಥಾನಕ್ಕೆ ಹೋಗಿ ನಿಂತರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಅನ್ನಿಸುವುದು ಬೇರೆ, ತೋರಿಸುವುದು ಬೇರೆ ಅಲ್ವಾ? ಕವಿ ತನ್ನ ದೇವರನ್ನು ದೇವಪುರದ ಲಕ್ಷ್ಮೀರಮಣ ಅಂತ ಕರೆದುಕೊಂಡ. ಆ ದೇವಪುರ ಯಾವುದು ಅನ್ನುವುದಕ್ಕೆ ತಾಲ್ಲೂಕಿನ ಹೆಸರು ಸೇರಿಸಿ ಹೋಗಲಿಲ್ಲ ಪುಣ್ಯಾತ್ಮ. ಅವನ ಕಾಲದ ಬಗ್ಗೆಯೂ ಒಮ್ಮತ ಇಲ್ಲ, 16ನೇ ಶತಮಾನ ಅನ್ನುವವರೂ ಇದ್ದಾರೆ, ಅದಕ್ಕಿಂತ ಈಚೆಗೆ ತರುವವರೂ ಇದ್ದಾರೆ. ಶ್ರೀವೈಷ್ಣವನೋ ಸ್ಮಾರ್ತನೋ ಅನ್ನುವ ಜಗಳವೂ ಹಳೆಯದೇ. ಕವಿಯ ಹೆಸರು, ಊರು, ಕಾಲ ಮೂರನ್ನೂ ಒಟ್ಟಿಗೆ ಹೇಳುವ ಒಂದು ಶಾಸನ ಸಿಕ್ಕಲಿ, ಅವತ್ತೇ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ನಾನು ಗಟ್ಟಿಯಾಗಿ ಕೂಗಿದರೆ ಸುರಪುರದ ಸಂಪಾದಕರೂ ಕೂಗುತ್ತಾರೆ. ಇಬ್ಬರ ಗಂಟಲು ನೋಯುತ್ತದೆ, ಓದುಗರಿಗೆ ಹೊಸದೇನೂ ಸಿಗುವುದಿಲ್ಲ.

ಇನ್ನೊಂದು ಮಾತು. ಊರು ಯಾವುದು ಅನ್ನುವುದಕ್ಕಿಂತ ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ ಬೇರೆ ಇದೆ. ವಾರ್ಧಕ ಷಟ್ಪದಿ ಅನ್ನುವ ಆರು ಸಾಲಿನ ಪದ್ಯದಲ್ಲಿ, ಅಷ್ಟು ಉಪಮೆ, ಅಷ್ಟು ಪ್ರಾಸ ತುಂಬಿಕೊಂಡ ಕಾವ್ಯ ಓದು ಬರಹ ಬಾರದ ಜನರ ಬಾಯಿಗೆ ಹೇಗೆ ಬಂತು? ಚಂದ್ರಹಾಸನ ಕಥೆ, ಸುಧನ್ವನ ಕಥೆ, ಬಭ್ರುವಾಹನನ ಕಥೆ ಯಕ್ಷಗಾನದ ಪ್ರಸಂಗಗಳಾದವು. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಊರೂರಲ್ಲಿ ವಾಚನ ಮಾಡಿದರು. ಯಾರು ಓದಿಸಿದರು, ಯಾರ ಜಗಲಿಯಲ್ಲಿ ಓದಿಸಿದರು, ಯಾರು ಹೊರಗೆ ನಿಂತು ಕೇಳಿದರು? ಇದನ್ನು ಹುಡುಕುತ್ತಾ ಹೊರಟವರು ಛಂದಸ್ಸನ್ನೂ ಬಿಡುವ ಹಾಗಿಲ್ಲ, ಜಾತಿಯನ್ನೂ ಬಿಡುವ ಹಾಗಿಲ್ಲ, ಭಕ್ತಿ ಅಂದರೆ ಏನು ಅನ್ನುವುದನ್ನೂ ಬಿಡುವ ಹಾಗಿಲ್ಲ. ನಿಮ್ಮ ಮನೆಯಲ್ಲೇ ಹಿರಿಯರು ಯಾರಾದರೂ ಜೈಮಿನಿ ಭಾರತದಲ್ಲಿ ಬರುವ ಸೀತಾ ಪರಿತ್ಯಾಗದ ಭಾಗ ಕೇಳಿ ಕಣ್ಣೊರೆಸಿಕೊಂಡಿದ್ದರೆ ಅದನ್ನು ಬರೆದು ಕಳಿಸಿ. ಅದೂ ಸಾಕ್ಷಿಯೇ.

ಎರಡೂ ಕಡೆಯ ವಾದ ಹಾಕಿದ್ದು ಧೈರ್ಯ ಇಲ್ಲದ್ದಕ್ಕೆ ಅಂತ ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀವು ಶೃಂಗೇರಿ ಇರುವ ಜಿಲ್ಲೆಯವರು, ನಿಮಗೆ ನಾನು ಪೂರ್ವಪಕ್ಷದ ಪಾಠ ಹೇಳಬೇಕೇ? ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಮೊದಲು ಹೇಳಬೇಕು, ಆಮೇಲೆ ನಿನ್ನ ಸಿದ್ಧಾಂತ. ಮಾಧವಾಚಾರ್ಯರ (ದ್ವೈತದ ಮಧ್ವಾಚಾರ್ಯರಲ್ಲ) ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹ, ಬೇರೆ ಬೇರೆ ದರ್ಶನಗಳ ವಾದವನ್ನು ಒಂದೆಡೆ ಹೇಳುವ ಪುಸ್ತಕ, 14ನೇ ಶತಮಾನದ್ದು. ಅದು ಶುರುವಾಗುವುದೇ ಚಾರ್ವಾಕರಿಂದ! ದೇವರಿಲ್ಲ, ಪರಲೋಕ ಇಲ್ಲ ಅನ್ನುವವರ ಮಾತಿಗೆ ಮೊದಲ ಅಧ್ಯಾಯ. ಆಮೇಲೆ ಬೌದ್ಧರು, ಜೈನರು, ಹೀಗೆ ಒಬ್ಬೊಬ್ಬರಿಗೂ ಜಾಗ. ಬರೆದವರು ವೇದಾಂತಿ. ಅವರಿಗೆ ಧೈರ್ಯ ಇರಲಿಲ್ಲ ಅಂತ ಯಾರೂ ಹೇಳಲಿಲ್ಲ. ಈಗ ನೋಡಿ, ಫೇಸ್‌ಬುಕ್ಕಿನಲ್ಲಿ ಎದುರಿನವರ ಅರ್ಧ ವಾಕ್ಯ ಓದಿ ಬೈಯುವುದಕ್ಕೇ ಚರ್ಚೆ ಅನ್ನುತ್ತಾರೆ. ಇರಲಿ.

ಇನ್ನು ಚಿತ್ರಾನ್ನದ ವಿಷಯ. ನಾವು ಕಲಸುತ್ತಿಲ್ಲ ಮೇಷ್ಟ್ರೇ, ಅದು ಕಲಸಿಕೊಂಡೇ ಬರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ ಎಲ್ಲರಿಗೂ ಗೊತ್ತು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ಹೋದ ಮೇಲೆ ತಾಯಿ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ತೆಗೆದುಕೊಂಡಳು, ಅಂದರೆ ಅನ್ನ ನೀರು ಬಿಡುತ್ತಾ ಪ್ರಾಣ ಬಿಟ್ಟಳು. ಇದೆಲ್ಲ ನಮಗೆ ಗೊತ್ತಾಗುವುದು ಅಲ್ಲಿನ ಕಲ್ಲಿನ ಮೇಲಿನ ಕನ್ನಡದಿಂದ.

ಈಗ ಹೇಳಿ, ಇದನ್ನು ಯಾವ ವಿಭಾಗಕ್ಕೆ ಸೇರಿಸುತ್ತೀರಿ? ಬರೆದಿರುವುದರಲ್ಲಿ ಪದ್ಯ ಇದೆ, ಹಾಗಾಗಿ ಸಾಹಿತ್ಯದವರು ಬೇಕು. ಹಳಗನ್ನಡ, ಹಾಗಾಗಿ ಭಾಷೆ ಗೊತ್ತಿದ್ದವರು ಬೇಕು. ಒಂದೇ ಮನೆಯಲ್ಲಿ ಗಂಡನಿಗೆ ಶಿವ, ಹೆಂಡತಿಗೆ ಜಿನ, ಅಳಿಯ ಬೇಲೂರಲ್ಲಿ ವಿಷ್ಣುವಿಗೆ ಗುಡಿ ಕಟ್ಟಿಸುತ್ತಾನೆ, ಇದು ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಸಮಾಜ ಬಲ್ಲವರು ಬೇಕು. ಆ ತಾಯಿ ಮಾಡಿದ್ದು ದುಃಖಕ್ಕೋ ಧರ್ಮಕ್ಕೋ, ಸಾವನ್ನು ಹೀಗೆ ಕರೆದುಕೊಳ್ಳುವುದು ಆತ್ಮಹತ್ಯೆ ಹೇಗೆ ಅಲ್ಲ ಅನ್ನುವುದಕ್ಕೆ ಜೈನ ದರ್ಶನ ತಿಳಿದವರು ಬೇಕು. ಈ ಕೊನೆಯ ಪ್ರಶ್ನೆ ಹಳೆಯದು ಅಂತಲೂ ಅಂದುಕೊಳ್ಳಬೇಡಿ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನ ಅಪರಾಧ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಬೆಳಗೊಳದ ಬೆಟ್ಟದ ಮೇಲಿನ ಇಂಥ ಸಾವಿನ ಶಾಸನಗಳನ್ನೇ ಇಟ್ಟುಕೊಂಡು ಷ. ಶೆಟ್ಟರ್ ಅವರು ದೊಡ್ಡ ಕೆಲಸ ಮಾಡಿದ್ದಾರೆ. ಅವರು ಇತಿಹಾಸದವರು, ಆದರೆ ಓದುತ್ತಾ ಹೋದರೆ ಇತಿಹಾಸದ ಪುಸ್ತಕ ಅನ್ನುವುದೇ ಮರೆತುಹೋಗುತ್ತದೆ.

ಅದೇ ಬೆಳಗೊಳದ್ದೇ ಇನ್ನೊಂದು ಲೆಕ್ಕ. ಬಿ. ಎಲ್. ರೈಸ್ 1889ರಲ್ಲಿ ಅಲ್ಲಿನ ಶಾಸನಗಳ ಸಂಪುಟ ತಂದಾಗ ಅದರಲ್ಲಿದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನೇ ಪರಿಷ್ಕರಿಸಿದಾಗ 500 ಆಯಿತು. ಬೆಟ್ಟ ಅದೇ, ಬಂಡೆ ಅದೇ. ಮತ್ತೆ ಹೋಗಿ ನೋಡಿದವರು ಬೇರೆ, ಅಷ್ಟೇ. ‘ಎಲ್ಲ ಹುಡುಕಿ ಆಗಿದೆ, ಇನ್ನೇನು ಉಳಿದಿದೆ’ ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆಯಲ್ಲ, ಅದಕ್ಕೆ ಇದು ಉತ್ತರ.

ನಮ್ಮದು, ನಿಮ್ಮದು ಅನ್ನುವ ಹಠದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿ ನಮ್ಮ ಜಿಲ್ಲೆಯ ಹೆಮ್ಮೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಆ ಶಾಸನವನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ನೀವೇ ಮಾಡಿಸಿದ್ದೀರಿ. ಆದರೆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಅಕ್ಷರದ ರೂಪ, ಅದರಲ್ಲಿ ಬರುವ ಅರಸರ ಹೆಸರು ನೋಡಿ ವಿದ್ವಾಂಸರು ಕಾಲ ಹೇಳಿದ್ದು. ಈಗ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಇನ್ನೂ ಹಳೆಯದು, 370ರದ್ದು ಅನ್ನುವ ವಾದ ಬಂದಿದೆ. ಅದು ಸುದ್ದಿಯಾದಾಗ ನಮ್ಮಲ್ಲಿ ಕೆಲವರಿಗೆ ಆಸ್ತಿ ಹೋದಷ್ಟು ಸಂಕಟ ಆಯಿತು. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಹಲ್ಮಿಡಿಯ ಕಲ್ಲು ಹೇಳುವುದು ಹಾಗೇ ಇದೆಯಲ್ಲ. ಮೊದಲು ವಿಷ್ಣುವಿನ ಸಂಸ್ಕೃತ ಶ್ಲೋಕ, ಆಮೇಲೆ ಕನ್ನಡ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಎರಡು ಊರು ‘ಬಾಳ್ಗಳ್ಚು’ ಅಂತ ಕೊಟ್ಟರಂತೆ, ಕತ್ತಿ ತೊಳೆದು ಕೊಡುವ ದತ್ತಿ. ರಕ್ತದ ಕತ್ತಿ, ಭೂಮಿ, ದೇವರು ಎಲ್ಲವೂ ಹದಿನಾರು ಸಾಲಿನಲ್ಲಿ ಇದೆ. ಇದು ಮೊದಲನೆಯದೋ ಎರಡನೆಯದೋ ಅನ್ನುವುದರಲ್ಲೇ ನಾವು ಮುಳುಗಿದರೆ ಆ ಹದಿನಾರು ಸಾಲು ಓದುವವರು ಯಾರು?

ಪುರಾವೆ ಅನ್ನುವುದು ಯಾರ ಪಾರ್ಟಿಗೂ ಸೇರುವುದಿಲ್ಲ. 1916ರಲ್ಲಿ ಅದೇ ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ್ ಬರೆದ ಕನ್ನಡ ಪತ್ರಗಳ ಕಟ್ಟು ಸಿಕ್ಕಿತು. 1791ರಲ್ಲಿ ಮರಾಠರ ಕಡೆಯ ಸವಾರರು ಮಠ ಲೂಟಿ ಮಾಡಿದಾಗ ಸ್ವಾಮಿಗಳಿಗೆ ಟಿಪ್ಪು ಬರೆದದ್ದು, ಶಾರದೆಯ ಪುನರ್‌ಪ್ರತಿಷ್ಠೆಗೆ ನೆರವು ಕಳಿಸಿದ್ದು ಅದರಲ್ಲಿದೆ. ಟಿಪ್ಪುವನ್ನು ಹೊಗಳುವವರು ಈ ಪತ್ರಗಳನ್ನು ಮಾತ್ರ ಹೇಳುತ್ತಾರೆ, ಬೈಯುವವರು ಈ ಪತ್ರಗಳನ್ನು ಮಾತ್ರ ಬಿಡುತ್ತಾರೆ. ಸಂಶೋಧಕ ಇದನ್ನೂ ಮೇಜಿನ ಮೇಲೆ ಇಡಬೇಕು, ಕೊಡಗು ಮಲಬಾರಿನಲ್ಲಿ ಟಿಪ್ಪು ನಡೆಸಿದ ದಾಳಿಯ ಪುರಾವೆಯನ್ನೂ ಇಡಬೇಕು. ಆಗ ಇಬ್ಬರೂ ಬೈಯುತ್ತಾರೆ. ನಮಗೆ ಅಭ್ಯಾಸವಾಗಿದೆ.

ಪಿಎಚ್‌ಡಿ ಬಗ್ಗೆ ನೀವು ಬರೆದದ್ದರಲ್ಲಿ ಮುಕ್ಕಾಲು ಪಾಲು ನಿಜ. ನಮಗೆ ಬರುವ ಫೋನ್‌ಗಳನ್ನು ಕೇಳಿದರೆ ನೀವೇ ನಗುತ್ತೀರಿ. ‘ಸಾರ್, ಲೇಖನ ಕಳಿಸಿದ್ದೀನಿ, ನಿಮ್ಮದಕ್ಕೆ ಐಎಸ್‌ಎಸ್‌ಎನ್ ನಂಬರ್ ಇದೆಯಾ, ಸರ್ಟಿಫಿಕೇಟ್ ಯಾವಾಗ ಕೊಡ್ತೀರಾ?’ (ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಗಳ ಗುರುತಿನ ನಂಬರ್.) ಲೇಖನ ಓದಿದರೆ, ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಎತ್ತಿದ್ದನ್ನು ಮೂರನೆಯವರು ಎತ್ತಿರುತ್ತಾರೆ. ಮೊದಲಿನವರ ಅಚ್ಚಿನ ತಪ್ಪು ಕೂಡ ಹಾಗೇ ಬಂದಿರುತ್ತದೆ, ಕಳ್ಳನನ್ನು ಹಿಡಿಯುವುದೇ ಅದರಿಂದ! ಅಂಥದ್ದನ್ನು ನಾವು ವಾಪಸ್ ಕಳಿಸುತ್ತೇವೆ. ‘ಪ್ರಸ್ತುತ ಸಂಪ್ರಬಂಧದ ಪರಿಕಲ್ಪನಾತ್ಮಕ ಚೌಕಟ್ಟಿನ ನೆಲೆಯಲ್ಲಿ’ ಅಂತ ಶುರುವಾಗುವುದನ್ನೂ ವಾಪಸ್ ಕಳಿಸಬೇಕು ಅನ್ನುವ ನಿಮ್ಮ ಸಲಹೆಯನ್ನು ಇವತ್ತಿನಿಂದಲೇ ಜಾರಿಗೆ ತಂದಿದ್ದೇವೆ.

ಆದರೆ ಅದಕ್ಕೆ ಸಂಶೋಧನೆಯನ್ನೇ ಯಾಕೆ ಬೈಯುತ್ತೀರಿ? ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡು ಸಂಗ್ರಹಿಸಿದ್ದು ಯಾವ ಡಿಗ್ರಿಗೆ? ಸಕಲೇಶಪುರದ ಎಸ್. ಕೆ. ಕರೀಂಖಾನರನ್ನು ಜನ ‘ಜಾನಪದ ಜಂಗಮ’ ಅಂತ ಕರೆದದ್ದು ಅವರು ಕುರ್ಚಿಯಲ್ಲಿ ಕೂತಿದ್ದಕ್ಕಲ್ಲ, ಊರೂರು ಅಲೆದದ್ದಕ್ಕೆ. ಹಳ್ಳಿಯ ಜನರ ಹಾಡನ್ನು ಕೇಳಿ ಬರೆದುಕೊಂಡರು. ಇನ್ನೊಂದು ಕಡೆ ಚಿದಾನಂದಮೂರ್ತಿಯವರ ಪಿಎಚ್‌ಡಿಯೂ ಇದೆ, ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ. ಅದನ್ನು ಓದಿದ ಮೇಲೆ ಊರ ಬಾಗಿಲ ವೀರಗಲ್ಲನ್ನು ಮೊದಲಿನ ಹಾಗೆ ದಾಟಿ ಹೋಗುವುದಕ್ಕೆ ಆಗುವುದಿಲ್ಲ. ಡಿಗ್ರಿ ಇದ್ದವರು, ಇಲ್ಲದವರು ಅಂತ ನಾನು ಗೆರೆ ಎಳೆಯುವುದಿಲ್ಲ. ‘ಇದು ನಿಮಗೆ ಎಲ್ಲಿ ಸಿಕ್ಕಿತು?’ ಅಂತ ಕೇಳುತ್ತೇನೆ. ನಾನೂ ಅಲ್ಲಿಗೆ ಹೋಗಿ ನೋಡಬಹುದಾದ ಹಾಗೆ ಉತ್ತರ ಬಂದರೆ ಲೇಖನ ಒಳಗೆ. ‘ಎಲ್ಲರಿಗೂ ಗೊತ್ತಿರೋದೇ’ ಅಂದರೆ ಹೊರಗೆ.

ಪತ್ರದ ಕೊನೆಯಲ್ಲಿ, ಸುಮ್ನೆ ಸೇರಿಸಿದ ಹಾಗೆ, ಒಂದು ಸಾಲು ಬರೆದಿದ್ದೀರಿ. ನಿಮ್ಮೂರ ಕೆರೆ ಏರಿಯ ಹತ್ತಿರ ಒಂದು ಕಲ್ಲಿದೆ, ಕೆಳಗೆ ದನಗಳ ಸಾಲು, ಮೇಲೆ ಲಿಂಗ, ನಡುವೆ ಎರಡು ಪಟ್ಟಿಯಲ್ಲಿ ಅಕ್ಷರ, ಹುಡುಗರು ಹಬ್ಬಕ್ಕೆ ಅದಕ್ಕೆ ಆಯಿಲ್ ಪೇಂಟ್ ಹೊಡೆಸಬೇಕು ಅಂತ ದುಡ್ಡು ಎತ್ತಿದ್ದಾರೆ. ಮೇಷ್ಟ್ರೇ, ಲಕ್ಷ್ಮೀಶನ ಜಗಳ ಕಾಯುತ್ತದೆ, ಇದು ಕಾಯುವುದಿಲ್ಲ! ಮೊದಲು ಆ ಪೇಂಟ್ ನಿಲ್ಲಿಸಿ. ಪೇಂಟ್ ಕೂತರೆ ಅಕ್ಷರದ ಗುಂಡಿ ತುಂಬಿಹೋಗುತ್ತದೆ, ಆಮೇಲೆ ಪಡಿಯಚ್ಚು ತೆಗೆಯುವುದು ಕಷ್ಟ. ಪಡಿಯಚ್ಚು ತೆಗೆಯುವವರು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ಒಳಕ್ಕೆ ಕೂರಿಸುತ್ತಾರೆ. ಆಮೇಲೆ ಮೇಲಿಂದ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗುಂಡಿಯೇ ಇಲ್ಲದಿದ್ದರೆ ಕಾಗದ ಕೂರುವುದೆಲ್ಲಿ? ದನಗಳು ಇವೆ ಅಂದರೆ ತುರುಗೋಳಿನಲ್ಲಿ, ಅಂದರೆ ದನ ಹೊಡೆದೊಯ್ಯುವ ಕಾಳಗದಲ್ಲಿ, ಸತ್ತವನ ಕಲ್ಲೇ ಇರಬಹುದು. ಆದರೆ ಓದದೆ ಹೇಳಬಾರದು.

ನೀವೇ ಓದಲು ಹೋಗಬೇಡಿ, ಸುಣ್ಣ, ಚಾಕ್‌ಪೀಸ್ ತಿಕ್ಕಬೇಡಿ, ತಂತಿ ಬ್ರಷ್ಷಂತೂ ಬೇಡವೇ ಬೇಡ. ಬೆಳಗ್ಗೆ ಏಳು ಏಳೂವರೆಗೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಸಿ, ಮೊಮ್ಮಕ್ಕಳ ಮೊಬೈಲ್ ಸಾಕು. ಇಡೀ ಕಲ್ಲಿನದೊಂದು, ಅಕ್ಷರದ ಪಟ್ಟಿಗಳದ್ದು ಹತ್ತಿರದಿಂದ ಒಂದೊಂದು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ, 1901ರದ್ದು, ಹಳೆಯ ಕಡೂರು ಜಿಲ್ಲೆಯದೇ, ಅಂದರೆ ಈಗಿನ ಚಿಕ್ಕಮಗಳೂರಿನದು. ತಾಲ್ಲೂಕುವಾರು ಇದೆ. ನಿಮ್ಮೂರ ಹೆಸರು ಅದರಲ್ಲಿದೆಯೇ ಅಂತ ನಾವು ಇಲ್ಲಿ ನೋಡುತ್ತೇವೆ. ಇದ್ದರೆ ಆಗ ಓದಿದ್ದಕ್ಕೂ ಈಗ ಕಾಣುವುದಕ್ಕೂ ತಾಳೆ ಹಾಕೋಣ, ಇಲ್ಲದಿದ್ದರೆ ಶಾಸನ ಓದುವ ಗೆಳೆಯರೊಬ್ಬರನ್ನು ಕರೆದುಕೊಂಡು ನಾನೇ ಬರುತ್ತೇನೆ. ಹುಡುಗರು ಎತ್ತಿದ ದುಡ್ಡಿನಲ್ಲಿ ಕಲ್ಲಿಗೆ ಒಂದು ಸಣ್ಣ ಶೀಟಿನ ಮಾಡು ಹಾಕಿಸಬಹುದು, ಕೇಳಿ ನೋಡಿ. ಹಬ್ಬ ಯಾವಾಗ ಅಂತ ಬರೆದಿಲ್ಲ, ಈ ಉತ್ತರ ಓದಿದ ಕೂಡಲೇ ಒಂದು ಫೋನ್ ಮಾಡಿ.