ಧೂಳಿನ ಚಿತ್ರ ಉದುರ್ತಿರೋದು ಎರೆಮಣ್ಣಿಂದ ಇರಬೇಕು

ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನ ಧೂಳನ್ನು ಅಕ್ರಿಲಿಕ್ ಬಣ್ಣಕ್ಕೆ ಬೆರೆಸಿ ಕ್ಯಾನ್ವಾಸ್‌ಗೆ ಹಚ್ಚಿದ್ದು ಒಣಗಿ ಬಿರುಕು ಬಿಟ್ಟು ಉದುರ್ತಿದೆ ಅಂದಿರಲ್ಲ, ತಪ್ಪು ಬಣ್ಣದ್ದಲ್ಲ ಅನಿಸುತ್ತೆ. ಹುಬ್ಬಳ್ಳಿ ಧೂಳಲ್ಲಿ ಎರೆಮಣ್ಣು, ಅಂದ್ರೆ ಒಣಗಿದಾಗ ಕುಗ್ಗೋ ಕಪ್ಪು ಜಿಗುಟು ಮಣ್ಣು, ಜಾಸ್ತಿ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುತ್ತಲ್ವಾ, ಕ್ಯಾನ್ವಾಸ್ ಮೇಲೂ ಅದೇ ಕಥೆ.

ಮೊದಲು ಧೂಳನ್ನು ಬಕೆಟ್ ನೀರಲ್ಲಿ ಕದಡಿ. ಒಂದೆರಡು ನಿಮಿಷ ಬಿಟ್ಟು ಮೇಲಿನ ರಾಡಿ ನೀರು ಚೆಲ್ಲಿ. ನೀರು ತಿಳಿಯಾಗೋವರೆಗೆ ಹೀಗೇ ಮಾಡಿ. ನುಣ್ಣನೆ ಎರೆ ಹೋಗಿ ತಳದಲ್ಲಿ ಮರಳು, ಟೈರಿನ ಕರಿ ಚೂರು, ಇಟ್ಟಿಗೆ ಪುಡಿ ಉಳಿಯುತ್ತೆ. ನಿಮ್ಮ ಚಿತ್ರಕ್ಕೆ ಊರಿನ ಗುರುತು ಬರೋದೇ ಅದರಿಂದ. ಬಿಸಿಲಲ್ಲಿ ಒಣಗಿಸಿ ಜರಡಿ ಹಿಡಿಯಿರಿ. ಅಡುಗೆಮನೆ ಜರಡಿ ಬೇಡ, ನಾನು ಬೈಸಿಕೊಂಡಿದ್ದೇನೆ. ಮೂಗಿಗೆ ಮಾಸ್ಕ್ ಇರಲಿ.

ಬೆರೆಸುವಾಗ ನೀರು ಹಾಕಬೇಡಿ, ಅಕ್ರಿಲಿಕ್ ಮೀಡಿಯಂ (ಬಣ್ಣ ಇಲ್ಲದ ಅಕ್ರಿಲಿಕ್ ಅಂಟು) ಹಾಕಿ. ಒಂದು ಚಮಚ ಧೂಳಿಗೆ ಎರಡು ಚಮಚ ಮೀಡಿಯಂ, ಇದು ನನ್ನ ಅಳತೆ. ನಿಮ್ಮ ಧೂಳಿಗೆ ಬೇರೆ ಬೇಕಾಗಬಹುದು, ರಟ್ಟಿನ ಮೇಲೆ ಹಚ್ಚಿ ನೋಡಿ. ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ. ದಪ್ಪ ಬೇಕೇ ಬೇಕು ಅಂದ್ರೆ ಕ್ಯಾನ್ವಾಸ್ ಬಿಟ್ಟು ಪ್ಲೈವುಡ್ ತಗೊಳ್ಳಿ, ಅದು ಕ್ಯಾನ್ವಾಸಿನಷ್ಟು ಬಾಗಲ್ಲ.

ಈಗಿರೋ ಚಿತ್ರದ ಸಡಿಲ ಭಾಗ ಮೆತ್ತಗಿನ ಬ್ರಷ್‌ನಿಂದ ಉದುರಿಸಿ, ಬಿರುಕಿಗೆ ತೆಳು ಮೀಡಿಯಂ ಇಳಿಸಿ. ಪೂರ್ತಿ ಉಳಿಯುತ್ತೆ ಅಂತ ಹೇಳಲಾರೆ. ಮೊದಲು ಮೂಲೆಯಲ್ಲಿ ಮಾಡಿ ನೋಡಿ.