ಲ್ಯಾಬ್‌ಗೆ ಬರುವ ಮಾನವ ಎಎಲ್‌ಡಿಎಚ್2 ಕಿಣ್ವದಲ್ಲಿ ಮೊದಲ 17 ಅಮೈನೋ ಆಮ್ಲ ಯಾಕಿರಲ್ಲ?

ಬೇಕಂತಲೇ ಬಿಟ್ಟಿರುತ್ತಾರೆ, ಮಾಲು ಕೆಟ್ಟಿಲ್ಲ. ಕುಡಿದ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಈ ಕಿಣ್ವ ಮೈಟೊಕಾಂಡ್ರಿಯಾದೊಳಗೆ ಅಸಿಟೇಟ್ ಮಾಡುತ್ತದೆ. ನಮ್ಮ ಜೀವಕೋಶ ಇದನ್ನು 517 ಅಮೈನೋ ಆಮ್ಲಗಳ ಸರಪಳಿಯಾಗಿ ಕಟ್ಟುತ್ತದೆ. ಅದರಲ್ಲಿ ಮೊದಲ 17 ಬರೀ ವಿಳಾಸದ ಚೀಟಿ. ಮೈಟೊಕಾಂಡ್ರಿಯಾ ಸೇರಿದ ಮೇಲೆ ಚೀಟಿ ಕತ್ತರಿಸಿಹೋಗುತ್ತದೆ, ಕೆಲಸ ಮಾಡುವುದು ಉಳಿದ 500.

ಲ್ಯಾಬ್‌ಗೆಂದು ಇದನ್ನು ಹೆಚ್ಚಾಗಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಅದಕ್ಕೆ ಮೈಟೊಕಾಂಡ್ರಿಯಾವೇ ಇಲ್ಲ, ಚೀಟಿ ಕತ್ತರಿಸುವವರು ಯಾರು, ಅಲ್ವಾ? ಹಾಗಾಗಿ ಆ ಭಾಗ ಬಿಟ್ಟ ಜೀನನ್ನೇ ಕೊಡುತ್ತಾರೆ. ಬದಲಿಗೆ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಆರು ಸಲ ಸೇರಿಸುವುದು ರೂಢಿ. ಅವು ನಿಕ್ಕೆಲ್‌ಗೆ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾದ ಬೇರೆ ಪ್ರೋಟೀನುಗಳನ್ನು ತೊಳೆದು ಇದೊಂದನ್ನೇ ಇಳಿಸಿಕೊಳ್ಳಬಹುದು. ಕಿಣ್ವ ಚುರುಕಾಗಿದೆಯೇ ನೋಡಲು ಅದಕ್ಕೆ ನೆರವಾಗುವ ಎನ್‌ಎಡಿ ಎಂಬ ಸಣ್ಣ ಅಣು ಮತ್ತು ಅಸಿಟಾಲ್ಡಿಹೈಡ್ ಬೆರೆಸಿ. ಕಿಣ್ವ ಕೆಲಸ ಮಾಡಿದರೆ ಎನ್‌ಎಡಿ ಎನ್‌ಎಡಿಎಚ್ ಆಗುತ್ತದೆ, ಆಗ 340 ನ್ಯಾನೊಮೀಟರ್ ತರಂಗಾಂತರದಲ್ಲಿ ಬೆಳಕು ಹೀರುವುದು ಏರಬೇಕು.